ಗುಜರಿ ಮುಟ್ಟದ ಹಡಗುಗಳು

"ಹಿತ್ತಾಳಿ ಇತ್ತಾ?"

ಊರಿಗೆ ಮರಳಿದ ಮಗಳನ್ನು ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ ಅದು. ಗಂಗೊಳ್ಳಿಯ ಮನೆಯ ಜಗಲಿಗೆ ಮಳೆಯ ಎರಚಲು ಹೊಡೆಯುತ್ತಿತ್ತು. ನಲವತ್ತು ವರ್ಷ ಹಳೆ ಬೋಟುಗಳನ್ನು ಕೊಂಡು, ಒಡೆದು, ಗುಜರಿಗೆ ಮಾರಿ ಮಕ್ಕಳನ್ನು ಓದಿಸಿದ ಮನುಷ್ಯ ಅವರು. ಮಗಳು ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಗೆ ಹೋಗಿ, ನೂರು ವರ್ಷದ ಹಿಂದೆ ಮುಳುಗಿದ ಯುದ್ಧನೌಕೆಗಳನ್ನು ನೀರಿನಡಿಗೆ ಇಳಿದು ನೋಡಿ ಬಂದಿದ್ದಾಳೆ ಎಂದರೆ ಅವರಿಗೆ ಮೊದಲು ನೆನಪಾಗುವುದು ಲೋಹ. ಇತ್ತು, ಎಂದಳು. ಬೇಕಾದಷ್ಟಿತ್ತು.

"ಒಂದ್ ತುಂಡೂ ತಕಂಡ್ ಬರ್ಲಿಲ್ಯಾ?"

"ತಪ್ಪುಕಾಗ ಅಪ್ಪಯ್ಯ. ಮುಟ್ಟೂಕೂ ಆಗ."

ಅವರು ಮತ್ತೇನೂ ಕೇಳಲಿಲ್ಲ. ಆದರೆ ಅವರ ಮುಖದ ಮೇಲೆ ಮೂಡಿದ ಸೋಜಿಗ ಅವಳ ಕಣ್ಣಿನಿಂದ ಇನ್ನೂ ಹೋಗಿಲ್ಲ. ಪ್ರವಾಸ ಮುಗಿದು ಮಳೆಗಾಲವೇ ಕಳೆಯಿತು. ಬೆಂಗಳೂರಿನ ಕೆಲಸ, ಟ್ರಾಫಿಕ್ಕು, ಮನೆ ಬಾಡಿಗೆ ಎಲ್ಲ ಮೊದಲಿನ ಹಾಗೇ ಶುರುವಾಗಿವೆ. ಅದರ ನಡುವೆಯೂ ತಲೆಯಲ್ಲಿ ಅದೇ ಸುತ್ತುತ್ತದೆ: ಅಷ್ಟೊಂದು ಲೋಹವನ್ನು ನೀರಿನಲ್ಲಿ ಬಿಟ್ಟು ಬರುವುದು, ಬಿಡಲೇಬೇಕೆಂದು ಕಾನೂನು ಮಾಡುವುದು, ಬಿಟ್ಟದ್ದನ್ನು ನೋಡಲು ಜನ ಆ ಚಳಿಗೆ ಬಂದು ಇಳಿಯುವುದು.

ಅವಳು ಮುಳುಗುವುದನ್ನು ಕಲಿತದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಬೋಟು ಹತ್ತಿ ಹೋಗುವ ಆ ಬಂಡೆದ್ವೀಪದ ಸುತ್ತಲಿನ ನೀರು ಸ್ನಾನಕ್ಕೆ ಕಾಯಿಸಿಟ್ಟಷ್ಟು ಹಿತ. ತೆಳು ಸೂಟು ಸಾಕು. ಕೆಲವರಿಗೆ ಅದೂ ಬೇಡ. ಬಣ್ಣದ ಮೀನುಗಳ ಹಿಂಡು ಮುಖದ ಮುಂದೆಯೇ ಹಾದುಹೋಗುತ್ತದೆ. ಆರ್ಕ್ನಿಯಲ್ಲಿ ಆ ಯುದ್ಧನೌಕೆಗಳು ಮಲಗಿರುವ ಸ್ಕಾಪಾ ಫ್ಲೋದ ನೀರು ಜೂನ್ ತಿಂಗಳಲ್ಲೂ ಹತ್ತು ಡಿಗ್ರಿಯ ಆಸುಪಾಸು. ಅಂಥ ನೀರಿಗೆ ಬೇಕಾದದ್ದು ಡ್ರೈಸೂಟ್. ಅದರೊಳಗೆ ರಜಾಯಿಯಂಥ ದಪ್ಪ ಒಳ ಉಡುಪು. ಆ ಸೂಟಿನಲ್ಲಿ ಗಾಳಿ ತುಂಬಿಕೊಳ್ಳುವುದು, ಬಿಡುವುದು, ತಲೆಕೆಳಗಾದಾಗ ಗಾಳಿಯೆಲ್ಲ ಕಾಲಿಗೆ ಹೋಗಿ ಮೇಲಕ್ಕೆ ಎಳೆಯದ ಹಾಗೆ ನೋಡಿಕೊಳ್ಳುವುದು, ಇಷ್ಟನ್ನೂ ಅವಳು ಇಂಗ್ಲೆಂಡಿನ ಒಂದು ನೀರು ತುಂಬಿದ ಕಲ್ಲುಕ್ವಾರಿಯಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಬೇಕಾಯಿತು. ಕುತ್ತಿಗೆಯ ರಬ್ಬರು ಗಂಟಲು ಹಿಚುಕುತ್ತದೆ. ದಪ್ಪ ಗ್ಲೌಸಿನೊಳಗೆ ಬೆರಳುಗಳು ಬೇರೆ ಯಾರದೋ ಅನ್ನಿಸುತ್ತವೆ. ಹುಟ್ಟಿದಾಗಿನಿಂದ ಸಮುದ್ರದ ಪಕ್ಕದಲ್ಲೇ ಬೆಳೆದವಳಿಗೆ ಸಮುದ್ರವನ್ನು ಮತ್ತೆ ಒಂದನೇ ಇಯತ್ತೆಯಿಂದ ಕಲಿತ ಹಾಗಾಯಿತು.

ಸ್ಕ್ರಾಬ್‌ಸ್ಟರ್ ಬಂದರಿನಿಂದ ಆರ್ಕ್ನಿಯ ಸ್ಟ್ರಾಮ್‌ನೆಸ್‌ಗೆ ಹಡಗಿನಲ್ಲಿ ಒಂದೂವರೆ ಗಂಟೆ. ದಾರಿಯಲ್ಲಿ ಹಾಯ್ ದ್ವೀಪದ ಬದಿಯಲ್ಲಿ ಕೆಂಪು ಕಲ್ಲಿನ ಒಂಟಿ ಕಂಬವೊಂದು ಸಮುದ್ರದಿಂದ 137 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಅದಕ್ಕೆ ಹಾಯ್ ದ್ವೀಪದ ಮುದುಕ ಎಂದು ಹೆಸರು. ಹಡಗಿನವರೆಲ್ಲ ಒಂದೇ ಬದಿಗೆ ಬಂದು ನಿಂತರು. ಅವಳಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ನೆನಪಾದವು. ಅಲ್ಲಿ ಕಲ್ಲು ಗುಂಪಾಗಿ ನಿಂತಿದೆ, ಇಲ್ಲಿ ಒಂಟಿಯಾಗಿ. ಆಚೆಗೆ ಕಣ್ಣು ಹಾಯಿಸಿದರೆ ಹಸಿರು ಹುಲ್ಲಿನ ಗುಡ್ಡಗಳು. ಮರ ಎನ್ನುವುದು ಕಾಣುವುದಿಲ್ಲ. ತೆಂಗಿನ ನೆರಳಿನಲ್ಲೇ ಸಮುದ್ರ ನೋಡಿ ರೂಢಿಯಾದ ಕಣ್ಣಿಗೆ ಆ ಬೋಳು ದಡ ಬಟ್ಟೆ ಬಿಚ್ಚಿಟ್ಟ ಹಾಗೆ ಕಂಡಿತು. ಎರಡು ದಿನ ಕಳೆದ ಮೇಲೆ ಆಕಾಶವೇ ಅಲ್ಲಿನ ಮರ ಎಂದು ಅನ್ನಿಸತೊಡಗಿತು. ಅಷ್ಟು ಆಕಾಶ, ಅಷ್ಟು ಮೋಡ, ರಾತ್ರಿ ಹನ್ನೊಂದಕ್ಕೂ ಪತ್ರಿಕೆ ಓದುವಷ್ಟು ಬೆಳಕು.

ಸ್ಟ್ರಾಮ್‌ನೆಸ್ ಎಂದರೆ ಒಂದೇ ಒಂದು ಬೀದಿ. ಚಪ್ಪಡಿ ಹಾಸಿದ ಆ ಬೀದಿ ಎಷ್ಟು ಕಿರಿದು ಎಂದರೆ ಕಾರು ಬಂದರೆ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಬೇಕು. ಮನೆಗಳು ಸಮುದ್ರಕ್ಕೆ ಬೆನ್ನು ಕೊಡುವುದಿಲ್ಲ, ಮುಖವನ್ನೂ ಕೊಡುವುದಿಲ್ಲ. ಪಕ್ಕೆ ತಿರುಗಿಸಿ ಗಾಳಿಗೆ ಭುಜ ಕೊಟ್ಟು ನಿಂತಿವೆ. ಎಷ್ಟೋ ಮನೆಗಳಿಗೆ ತಮ್ಮದೇ ಒಂದು ಪುಟ್ಟ ದಕ್ಕೆ. ಬೀದಿಯ ದಕ್ಷಿಣ ತುದಿಯಲ್ಲಿ ಮುಚ್ಚಿದ ಬಾವಿಯೊಂದಿದೆ. 1780ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು, 1845ರಲ್ಲಿ ಉತ್ತರಧ್ರುವದ ಕಡೆ ಹೊರಟು ಮತ್ತೆ ಮರಳದ ಫ್ರಾಂಕ್ಲಿನ್‌ನ ಹಡಗುಗಳು ಇಲ್ಲಿಂದ ಕುಡಿಯುವ ನೀರು ತುಂಬಿಕೊಂಡವಂತೆ. ಊರಿನಲ್ಲಿ ಬೋಟು ಕಡಲಿಗೆ ಇಳಿಸುವಾಗ ನೀರಿನ ಡ್ರಮ್ಮು ತುಂಬುವುದು ಅವಳು ಸಾವಿರ ಸಲ ನೋಡಿದ ಕೆಲಸ. ಆ ಬಾವಿಯ ಮುಂದೆ ಅವಳು ಬಹಳ ಹೊತ್ತು ನಿಂತಳು.

ಉಳಿದುಕೊಂಡ ಮನೆಯ ಯಜಮಾನಿಗೆ ಎಪ್ಪತ್ತರ ಮೇಲೆ. ಚಿಕ್ಕದಕ್ಕೆಲ್ಲ ಆಕೆ "ಪೀಡಿ" ಎನ್ನುತ್ತಾರೆ. ಪೀಡಿ ಬೆಕ್ಕು, ಪೀಡಿ ಚಮಚ, ಪೀಡಿ ಮಳೆ. ಅದು ಆರ್ಕ್ನಿಯ ಸ್ವಂತ ಮಾತು. ಬೆಳಿಗ್ಗೆ ಆಕೆ ಕಾವಲಿಯ ಮೇಲೆ ಬೇಯಿಸಿದ ಬ್ಯಾನಕ್ ಕೊಟ್ಟರು. ಬೇರ್ ಎಂಬ ಹಳೆಯ ಬಾರ್ಲಿಯ ಹಿಟ್ಟಿನಿಂದ ಮಾಡಿದ ದಪ್ಪ ರೊಟ್ಟಿ. ಅಲ್ಲಿನ ಬೇಸಿಗೆ ತೀರಾ ಗಿಡ್ಡ. ಈ ಬೇರ್ ತಡವಾಗಿ ಬಿತ್ತಿದರೂ ಬೇಗ ಬಲಿಯುತ್ತದೆ. ಬರ್ಸೆ ಎಂಬಲ್ಲಿ ನೀರಿನ ಚಕ್ರದಿಂದ ತಿರುಗುವ ಬ್ಯಾರನಿ ಗಿರಣಿಯಲ್ಲಿ ಇವತ್ತಿಗೂ ಅದನ್ನು ಬೀಸುತ್ತಾರೆ. ಮಣ್ಣಿನ ಬಣ್ಣ, ಸ್ವಲ್ಪ ಹೊಗೆಯ ವಾಸನೆ, ನಾಲಿಗೆಯ ಬದಿಯಲ್ಲಿ ಒಂದಿಷ್ಟು ಒಗರು. ರಾಗಿ ರೊಟ್ಟಿಯ ದೂರದ ನೆಂಟ. ಅವಳು ಚೀಲದಿಂದ ಅಮ್ಮ ಹಾಕಿದ ಮಿಡಿ ಉಪ್ಪಿನಕಾಯಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಆಕೆ ಬ್ಯಾನಕ್ಕಿನ ತುದಿಗೆ ರಸ ಮುಟ್ಟಿಸಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ಎರಡನೇ ಸಲವೂ ಅದ್ದಿದರು. ಹೊರಡುವ ದಿನ ಆ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಳು.

ಸ್ಕಾಪಾ ಫ್ಲೋ ಎಂದರೆ ಸುತ್ತಲೂ ದ್ವೀಪಗಳು ಕೈ ಹಿಡಿದು ನಿಂತು ಕಾಯುವ ಒಂದು ದೊಡ್ಡ ನೀರಿನ ಅಂಗಳ. ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯ ನೆಲೆ. ಮೊದಲ ಯುದ್ಧ ನಿಂತ ಮೇಲೆ, 1918ರ ನವೆಂಬರಿನಲ್ಲಿ, ಜರ್ಮನ್ ಯುದ್ಧನೌಕೆಗಳ ಪಡೆಯನ್ನು ಇಲ್ಲಿಗೆ ತಂದು ಲಂಗರು ಹಾಕಿಸಲಾಯಿತು. ಒಟ್ಟು 74 ಹಡಗುಗಳು. ತಂದದ್ದು ಸುಮಾರು 20 ಸಾವಿರ ನಾವಿಕರು. ಹೆಚ್ಚಿನವರನ್ನು ಬೇಗನೆ ವಾಪಸು ಕಳಿಸಿ, ಹಡಗು ನೋಡಿಕೊಳ್ಳುವಷ್ಟು ಜನರನ್ನು ಮಾತ್ರ ಉಳಿಸಿಕೊಂಡರು. ಉಳಿದವರಿಗೆ ದಡಕ್ಕೆ ಇಳಿಯುವ ಅನುಮತಿ ಇರಲಿಲ್ಲ. ಒಂದು ಹಡಗಿನವರು ಪಕ್ಕದ ಹಡಗಿಗೂ ಹೋಗುವಂತಿಲ್ಲ. ಊಟ ಜರ್ಮನಿಯಿಂದ ಬರಬೇಕು. ಬೇಸರ ಕಳೆಯಲು ಅವರು ಡೆಕ್ಕಿನಿಂದ ಗಾಳ ಹಾಕುತ್ತಿದ್ದರು. ಏಳು ತಿಂಗಳು ಹೀಗೆ. ದಡದ ಮನೆಗಳ ದೀಪ ಕಾಣುತ್ತದೆ, ಆದರೆ ಅಲ್ಲಿಗೆ ಹೋಗುವಂತಿಲ್ಲ.

ಅವರ ಮುಖ್ಯಸ್ಥ ರಿಯರ್ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್. ಶಾಂತಿ ಒಪ್ಪಂದದ ಮಾತುಕತೆಯ ಸುದ್ದಿ ಆತನಿಗೆ ಸಿಗುತ್ತಿದ್ದದ್ದು ಹಲವು ದಿನ ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ. ಹಡಗುಗಳು ಶತ್ರುವಿನ ಪಾಲಾಗುತ್ತವೆ ಎಂದು ಖಚಿತವಾದಾಗ, 1919ರ ಜೂನ್ 21ರ ಬೆಳಿಗ್ಗೆ, ಎಮ್ಡನ್ ಎಂಬ ಹಡಗಿನಿಂದ ಆತ ಒಂದು ಸಂಕೇತ ಹಾರಿಸಿದ. ಹಡಗುಗಳನ್ನು ಮುಳುಗಿಸುವ ಆಜ್ಞೆಯ ಹನ್ನೊಂದನೇ ಪ್ಯಾರಾವನ್ನು ಜಾರಿ ಮಾಡಿ ಎನ್ನುವುದು ಅದರ ಅರ್ಥ. ಅಂದು ಬೆಳಿಗ್ಗೆಯೇ ಕಾವಲಿನ ಬ್ರಿಟಿಷ್ ಹಡಗುಗಳು ಅಭ್ಯಾಸಕ್ಕೆಂದು ಹೊರಸಮುದ್ರಕ್ಕೆ ಹೋಗಿದ್ದವು. ಜರ್ಮನ್ ನಾವಿಕರು ಹಡಗಿನ ತಳದ ಕವಾಟಗಳನ್ನು ತೆರೆದರು, ಒಳಬಾಗಿಲುಗಳನ್ನೆಲ್ಲ ತೆರೆದಿಟ್ಟರು, ಮತ್ತೆ ಯಾರೂ ಮುಚ್ಚದ ಹಾಗೆ ಹಿಡಿಕೆಗಳನ್ನು ಸಮುದ್ರಕ್ಕೆ ಎಸೆದರು. ಮಧ್ಯಾಹ್ನ 12.16ಕ್ಕೆ ಮೊದಲ ಹಡಗು ಫ್ರೀಡ್ರಿಷ್ ದೆರ್ ಗ್ರೋಸೆ ಮುಳುಗಿತು. ಸಂಜೆ ಐದರ ಹೊತ್ತಿಗೆ ಕೊನೆಯದು. 74ರಲ್ಲಿ 52 ಹಡಗುಗಳು ತಳ ಸೇರಿದ್ದವು. ಸ್ಟ್ರಾಮ್‌ನೆಸ್ಸಿನ ಶಾಲಾ ಮಕ್ಕಳು ಅಂದು ಆ ಹಡಗುಗಳನ್ನು ನೋಡಲೆಂದೇ ದೋಣಿ ಹತ್ತಿ ಬಂದಿದ್ದರು. ಕಣ್ಣೆದುರೇ ಅವು ಒಂದೊಂದಾಗಿ ಮಗುಚಿಕೊಂಡವು. ಗಾಬರಿಗೊಂಡ ಬ್ರಿಟಿಷ್ ಕಾವಲುಗಾರರ ಗುಂಡಿಗೆ ಒಂಬತ್ತು ಜರ್ಮನರು ಸತ್ತರು. ಮಾರ್ಕ್‌ಗ್ರಾಫ್ ಹಡಗಿನ ಕ್ಯಾಪ್ಟನ್ ವಾಲ್ಟರ್ ಶೂಮನ್ ಅವರಲ್ಲೊಬ್ಬ. ಹಾಯ್ ದ್ವೀಪದ ಲೈನೆಸ್ ಸ್ಮಶಾನದಲ್ಲಿ ಅವರ ಗೋರಿಗಳಿವೆ.

ಎಮ್ಡನ್ ಎಂಬ ಹೆಸರು ನಮ್ಮ ಕಡೆಗೆ ಹೊಸದೇನಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಸುರಿಸಿ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ್ದು ಅದೇ ಹೆಸರಿನ ಮೊದಲ ಹಡಗು. ತಮಿಳಿನಲ್ಲಿ ಗಟ್ಟಿಗನನ್ನು, ಚಾಲಾಕಿಯನ್ನು ಎಮ್ಡನ್ ಎಂದು ಕರೆಯುವ ರೂಢಿ ಬಂದದ್ದು ಹಾಗೆ. ಆ ಹಡಗು ಅದೇ ವರ್ಷ ಕೋಕೋಸ್ ದ್ವೀಪಗಳ ಬಳಿ ನಾಶವಾದ ಮೇಲೆ ಹೆಸರನ್ನು ಎರಡನೆಯದಕ್ಕೆ ಇಟ್ಟರು. ಸ್ಕಾಪಾ ಫ್ಲೋದಲ್ಲಿ ಮುಳುಗುವ ಆಜ್ಞೆ ಹೊರಟದ್ದು ಈ ಎರಡನೇ ಎಮ್ಡನ್‌ನಿಂದ. ವಿಚಿತ್ರವೆಂದರೆ ಅದೇ ಹಡಗನ್ನು ಬ್ರಿಟಿಷರು ಎಳೆದು ದಡಕ್ಕೆ ಹತ್ತಿಸಿ ಉಳಿಸಿಕೊಂಡರು.

ಮೊದಲ ದಿನ ಅವಳ ಮುಳುಗುಗಾರರ ತಂಡ ಇಳಿದದ್ದು ಕಾರ್ಲ್ಸ್‌ರೂ ಎಂಬ ಸಣ್ಣ ಕ್ರೂಸರಿನ ಮೇಲೆ. ಉಳಿದವುಗಳಿಗಿಂತ ಅದರ ಮೇಲೆ ನೀರು ಕಡಿಮೆ. ಅವಳಿಗೆ ಆ ದಿನದ ಬಗ್ಗೆ ಹೆಚ್ಚೇನೂ ನೆನಪಿಲ್ಲ. ಚಳಿ ಮತ್ತು ಭಯ ಎರಡೇ ನೆನಪು. ತುಟಿಯ ಸುತ್ತ ಬರಿಯಾಗಿದ್ದ ಚರ್ಮ ಒಂದು ನಿಮಿಷ ಉರಿಯಿತು, ಆಮೇಲೆ ಸತ್ತುಹೋಯಿತು.

ಎರಡನೇ ದಿನ ಕೋಲ್ನ್.

ದೋಣಿಯ ಮೇಲೆ ಅವಳ ಜೋಡಿಯಾಗಿ ಸಿಕ್ಕಿದವರು ಗ್ಲಾಸ್ಗೋದ ಒಬ್ಬ ನಿವೃತ್ತ ವೆಲ್ಡರ್. ಅರವತ್ತು ದಾಟಿದ ಮನುಷ್ಯ. ಕ್ಲೈಡ್ ನದಿಯ ದಡದ ಹಡಗು ಕಟ್ಟೆಯಲ್ಲಿ ಹದಿನಾರನೇ ವಯಸ್ಸಿಗೆ ಕೆಲಸಕ್ಕೆ ಸೇರಿದವರಂತೆ. ನಿನ್ನಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಹಡಗು ಒಡೆಯುತ್ತಾರೆ, ಸಣ್ಣವು, ಮೀನಿನವು, ಎಂದಳು. ಅವರು ಜೋರಾಗಿ ನಕ್ಕು ಚಹಾದ ಲೋಟ ಅವಳ ಕೈಗಿತ್ತರು. ತಾನು ಕಟ್ಟಿದ್ದನ್ನೂ ಯಾರೋ ಎಲ್ಲೋ ಒಡೆದಿರುತ್ತಾರೆ ಎಂದರು. ಅವರ ದನಿಯಲ್ಲಿ ಕಹಿ ಇರಲಿಲ್ಲ.

ಹಡಗಿಗೆ ಕಟ್ಟಿದ ಹಗ್ಗವನ್ನು ಹಿಡಿದು ಇಳಿಯಬೇಕು. ಹತ್ತು ಮೀಟರಿಗೆ ನೀರು ಹಸಿರು, ಇಪ್ಪತ್ತಕ್ಕೆ ಕಪ್ಪು ಹಸಿರು. ಮೂವತ್ತು ಮೀಟರಿನಲ್ಲಿ ಮೈಮೇಲಿನ ಒತ್ತಡ ದಡದ ನಾಲ್ಕು ಪಟ್ಟು. ಸೂಟು ಮೈಯನ್ನು ಹಿಂಡತೊಡಗುತ್ತದೆ. ಎದೆಯ ಗುಂಡಿ ಒತ್ತಿ ಚೂರು ಚೂರೇ ಗಾಳಿ ಬಿಟ್ಟುಕೊಂಡರೆ ಮತ್ತೆ ಸಡಿಲ. ಕೆಂಪು ಬಣ್ಣ ಯಾವಾಗಲೋ ಮಾಯವಾಗಿರುತ್ತದೆ. ಹಗ್ಗದ ತುದಿ ಇನ್ನೂ ಕಾಣುತ್ತಿರಲಿಲ್ಲ. ಒಮ್ಮೆಲೇ ಕೆಳಗಿನ ಕತ್ತಲೆ ಗಟ್ಟಿಯಾಯಿತು. ಅದು ಹಡಗು.

ಕೋಲ್ನ್ ಬಲಮಗ್ಗುಲಾಗಿ ಮಲಗಿದೆ. 155 ಮೀಟರ್ ಉದ್ದ. ಡೆಕ್ಕು ನೆಟ್ಟಗೆ ಗೋಡೆಯಾಗಿ ನಿಂತಿದೆ. ನಡೆದಾಡಬೇಕಿದ್ದ ನೆಲದ ಪಕ್ಕದಲ್ಲೇ ಮೀನಿನ ಹಾಗೆ ಈಜಿಕೊಂಡು ಹೋಗಬೇಕು. ಲೈಫ್‌ಬೋಟು ಇಳಿಸುವ ಬಾಗಿದ ಕೈಗಳು ಹೊರಗೆ ಚಾಚಿವೆ, ಇನ್ನೂ ಯಾರನ್ನೋ ಇಳಿಸಲು ಕಾದಂತೆ. ಕ್ಯಾಪ್ಟನ್ ನಿಂತು ನೋಡುತ್ತಿದ್ದ ದಪ್ಪ ಉಕ್ಕಿನ ಗೂಡಿನ ಸೀಳುಗಳಲ್ಲಿ ಈಗ ಬಿಳಿ ಅನಿಮೊನ್‌ಗಳು ಅರಳಿ ನಿಂತಿವೆ. ಲಿಂಗ್ ಎಂಬ ಉದ್ದನೆ ಮೀನೊಂದು ತಗಡಿನ ಅಡಿಯಿಂದ ಮುಖ ಹೊರಗಿಟ್ಟು ನೋಡಿ ಒಳಗೆ ಸರಿಯಿತು. ಇಡೀ ಮಗ್ಗುಲಿಗೆ ಬೆಳ್ಳಗೆ, ಕಿತ್ತಳೆ ಬಣ್ಣಕ್ಕೆ ಬೆರಳು ಬೆರಳಾಗಿ ಮೆತ್ತಿಕೊಂಡ ಮೆದು ಹವಳ. ಸತ್ತವನ ಬೆರಳು ಎಂದು ಅಲ್ಲಿನವರು ಕರೆಯುತ್ತಾರೆ. ಟಾರ್ಚು ಹಾಕಿದಾಗಷ್ಟೇ ಅದರ ಕಿತ್ತಳೆ ಕಾಣುತ್ತದೆ. ಟಾರ್ಚು ಆಚೆ ಹೋದರೆ ಮತ್ತೆ ಬೂದಿ.

ಗ್ಲಾಸ್ಗೋದವರು ಟಾರ್ಚಿನ ಬೆಳಕನ್ನು ಹಡಗಿನ ಮೈಗೆ ಹಾಯಿಸಿ ಒಂದು ಕಡೆ ನಿಲ್ಲಿಸಿದರು. ರಿವೆಟ್ಟುಗಳು. ಹುಣಸೆಬೀಜದಷ್ಟು ಉಬ್ಬಿದ ಗುಂಡು ತಲೆಗಳು, ಸಾಲಾಗಿ, ಹೊಲಿಗೆಯ ಹಾಗೆ ಸಮನಾಗಿ. ಅವರು ಬೆರಳಿನಿಂದ ಗಾಳಿಯಲ್ಲಿ ಸುತ್ತಿಗೆ ಹೊಡೆದು ತೋರಿಸಿದರು: ಒಬ್ಬ ಕಾಯಿಸುತ್ತಾನೆ, ಒಬ್ಬ ಹಿಡಿಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಆ ಕತ್ತಲೆಯಲ್ಲಿ ಅವಳು ಎಂಟು, ಒಂಬತ್ತು, ಹತ್ತು ಎಂದು ಎಣಿಸುತ್ತ ಹೋದಳು. ಪ್ರತಿಯೊಂದರ ಹಿಂದೆಯೂ ಯಾರದೋ ತೋಳು.

ರಿವೆಟ್ಟುಗಳ ಸಾಲಿನ ಕೊನೆಗೆ ಒಂದು ಕಿಟಕಿಯ ಉಂಗುರ. ಹಸಿರು ಪಾಚಿಗಟ್ಟಿದ ಲೋಹದ ದುಂಡು ಅಂಚು, ಒಂದು ಕಡೆ ಯಾವುದೋ ಮೀನಿನ ಉಜ್ಜಿಗೋ ಹಗ್ಗದ ಉಜ್ಜಿಗೋ ಪಾಚಿ ಹೋಗಿ ಹಳದಿ ಮಿಂಚುತ್ತಿತ್ತು. ಹಿತ್ತಾಳೆ. ಅವಳು ಅದನ್ನು ತಿಳಿದದ್ದು ಕಣ್ಣಿನಿಂದಲ್ಲ, ಚಿಕ್ಕಂದಿನಿಂದ. ಅಪ್ಪಯ್ಯ ಒಡೆದ ಬೋಟಿನ ಸಾಮಾನನ್ನು ಅಂಗಳದಲ್ಲಿ ಸುರಿದು, ಚಿಕ್ಕ ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಬೇರೆ ಬೇರೆ ಮಾಡುತ್ತಿದ್ದರು: ಇದು ತಾಮ್ರ, ಇದು ಗನ್‌ಮೆಟಲ್, ಇದು ಬರೀ ಕಬ್ಬಿಣ. ಹಿತ್ತಾಳೆಯ ಸದ್ದಿಗೆ ಒಂದು ಇಂಪಿದೆ, ಕೊನೆಗೆ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಉಂಗುರದ ಒಳಗೆ ಹೂಳು ತುಂಬಿತ್ತು. ಅದರಾಚೆ ಯಾರದೋ ಮಲಗುವ ಕೋಣೆ. ಅವಳ ಕೈ ತಾನಾಗಿಯೇ ಮುಂದಕ್ಕೆ ಚಾಚಿತು.

ಪಕ್ಕದವರು ಏನೂ ಮಾಡಲಿಲ್ಲ. ತಮ್ಮ ಟಾರ್ಚಿನ ಬೆಳಕನ್ನು ತಂದು ಅವಳ ಗ್ಲೌಸಿನ ಮೇಲಿಟ್ಟರು, ಅಷ್ಟೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಮೇಲೆ ಬಂದ ಮೇಲೆ, ಬಿಸಿ ಸೂಪಿನ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ಕೂತಾಗ, ಆ ಹಡಗುಗಳು ಅಲ್ಲಿ ಯಾಕೆ ಉಳಿದವು ಎಂಬ ಕಥೆಯನ್ನು ದೋಣಿಯ ಯಜಮಾನರು ಹೇಳಿದರು. ಹೆಚ್ಚಿನದು ಅವಳು ಮೊದಲೇ ಓದಿದ್ದದ್ದು. ಆದರೆ ಆ ನೀರಿನ ಮೇಲೆ ತೇಲುತ್ತ ಕೇಳುವುದು ಬೇರೆಯೇ.

ಮುಳುಗಿದ 52 ಹಡಗುಗಳನ್ನು ಎತ್ತಿದ್ದು ನೌಕಾಪಡೆಯಲ್ಲ. ಬಹುಪಾಲನ್ನು ಎತ್ತಿದಾತ ಅರ್ನೆಸ್ಟ್ ಕಾಕ್ಸ್ ಎಂಬ ಗುಜರಿ ವ್ಯಾಪಾರಿ. 1924ರಲ್ಲಿ ಕೆಲಸಕ್ಕಿಳಿದಾಗ ಆತ ಜೀವಮಾನದಲ್ಲಿ ಒಂದು ಹಡಗನ್ನೂ ನೀರಿನಿಂದ ಎತ್ತಿರಲಿಲ್ಲ. ಮೊದಲು ಸಣ್ಣ ಡಿಸ್ಟ್ರಾಯರುಗಳು. ಆಮೇಲೆ ದೊಡ್ಡವು. ತಲೆಕೆಳಗಾಗಿ ಬಿದ್ದ ಹಡಗಿನ ತೂತುಗಳನ್ನೆಲ್ಲ ಮುಚ್ಚಿಸಿ, ಒಳಗೆ ಗಾಳಿ ತುಂಬಿಸಿ, ಬುರುಡೆಯಂತೆ ಮೇಲಕ್ಕೆ ತೇಲಿಸಿದ. ಕೆಲಸಗಾರರು ಹಡಗಿನ ತಳಕ್ಕೆ ನಿಲ್ಲಿಸಿದ ಉದ್ದನೆ ಕೊಳವೆಗಳಲ್ಲಿ ಏಣಿ ಇಳಿದು, ಒತ್ತಡದ ಗಾಳಿಯಲ್ಲಿ, ತಲೆಕೆಳಗಾದ ಕೋಣೆಗಳೊಳಗೆ ದುಡಿದರು. 1926ರಲ್ಲಿ ಬ್ರಿಟನ್ನಿನಲ್ಲಿ ಗಣಿ ಮುಷ್ಕರವಾಗಿ ಕಲ್ಲಿದ್ದಲು ಸಿಗದಾದಾಗ, ಮುಳುಗಿ ಮಲಗಿದ್ದ ಸೈಡ್ಲಿಟ್ಸ್ ಹಡಗಿನ ಮೈ ಕೊರೆದು ಅದರ ಹೊಟ್ಟೆಯ ಕಲ್ಲಿದ್ದಲನ್ನೇ ತೆಗೆದು ತನ್ನ ಬಾಯ್ಲರು ಉರಿಸಿದ. ಮೋಲ್ಟ್‌ಕೆ ಹಡಗನ್ನು ತಲೆಕೆಳಗಾಗಿಯೇ ರೊಸೈತ್ ಬಂದರಿಗೆ ಎಳೆಸಿದ. ದಾರಿ ತೋರಿಸಬೇಕಿದ್ದ ಇಬ್ಬರು ಪೈಲಟ್‌ಗಳು ಜಗಳಕ್ಕೆ ಬಿದ್ದು, ಆ ಮಹಾ ಕಬ್ಬಿಣದ ದಿಮ್ಮಿ ಫೋರ್ತ್ ಸೇತುವೆಯ ಕಂಬಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಸುಮಾರು ಎಂಟು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಡಗು. ಆತ ಬಿಟ್ಟ ಮೇಲೆ ಬೇರೆಯವರು ಮುಂದುವರಿಸಿದರು.

ಕೊನೆಗೆ ಉಳಿದ ದೊಡ್ಡವು ಏಳು. ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್ ಎಂಬ ಮೂರು ಬ್ಯಾಟಲ್‌ಶಿಪ್‌ಗಳು. ಕೋಲ್ನ್, ಡ್ರೆಸ್ಡೆನ್, ಕಾರ್ಲ್ಸ್‌ರೂ, ಬ್ರುಮರ್ ಎಂಬ ನಾಲ್ಕು ಕ್ರೂಸರುಗಳು. ಬ್ಯಾಟಲ್‌ಶಿಪ್‌ಗಳು ತೀರಾ ಆಳದಲ್ಲಿದ್ದವು. ಎತ್ತುವ ಖರ್ಚು ಹುಟ್ಟುವುದಿಲ್ಲ. ಆದರೂ ಯಾರೂ ಸುಮ್ಮನಿರಲಿಲ್ಲ. ಎರಡನೇ ಯುದ್ಧದ ನಂತರವೂ ದಶಕಗಳ ಕಾಲ ಸಿಡಿಮದ್ದಿಟ್ಟು, ಇಂಜಿನ್ ಕೋಣೆ ಸೀಳಿ, ಬೆಲೆಬಾಳುವ ಲೋಹ ಕಿತ್ತುಕೊಂಡರು. ಹಿರೋಶಿಮಾಗಿಂತ ಮೊದಲು ತಯಾರಾದ ಉಕ್ಕಿನಲ್ಲಿ ಅಣುಸ್ಫೋಟದ ವಿಕಿರಣದ ಸೋಂಕು ಇರುವುದಿಲ್ಲ. ಸೂಕ್ಷ್ಮ ವಿಕಿರಣ ಅಳೆಯುವ ಉಪಕರಣಗಳಿಗೆ ಆಗ ಅಂಥದೇ ಬೇಕಿತ್ತು. ಹಾಗಾಗಿ ಸ್ಕಾಪಾ ಫ್ಲೋದ ಉಕ್ಕಿಗೂ ಬೇಡಿಕೆ ಬಂತು. 2001ರಲ್ಲಿ ಈ ಏಳನ್ನೂ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸೇರಿಸಿದ ಮೇಲೆ ಯಾರೂ ಒಂದು ಮೊಳೆಯನ್ನೂ ತೆಗೆಯುವಂತಿಲ್ಲ. ನೋಡಬಹುದು, ಮುಟ್ಟುವಂತಿಲ್ಲ.

ಅವಳನ್ನು ಕಾಡಿದ್ದು ಈ ಲೆಕ್ಕ. ಇಂದು ಚರಿತ್ರೆ ಎಂದು ಕೈಮುಗಿದು ನೋಡುತ್ತಿರುವುದು, ನಿಜದಲ್ಲಿ ಗುಜರಿಯವನಿಗೆ ಲಾಭ ಹುಟ್ಟದೆ ಬಿಟ್ಟದ್ದು. ಕಾಕ್ಸ್‌ನ ಕೈಗೆ ಇನ್ನೊಂದು ಹತ್ತು ವರ್ಷ, ಇನ್ನೊಂದಿಷ್ಟು ಹಣ ಸಿಕ್ಕಿದ್ದರೆ ಕೋಲ್ನ್ ಕೂಡ ಕರಗಿ, ಎಲ್ಲೋ ರೈಲು ಹಳಿಯಾಗಿ, ಅಡುಗೆ ಒಲೆಯಾಗಿ ಹೋಗಿರುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದರಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಅವಳ ಕಾಲೇಜಿನ ಫೀಸೂ ಅಂಥದೇ ಒಲೆಯಿಂದ ಬಂದದ್ದು. ಆದರೂ ಆ ರಿವೆಟ್ಟುಗಳ ಸಾಲು ನೋಡಿದ ಮೇಲೆ, ಅದು ಉಳಿದದ್ದೇ ಒಳ್ಳೆಯದಾಯಿತು ಎಂದು ಅವಳ ಇಡೀ ಮೈ ಹೇಳಿತು.

ಮೂರನೇ ದಿನ ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್. ತೋಪುಗೂಡುಗಳ ಭಾರಕ್ಕೆ ಬ್ಯಾಟಲ್‌ಶಿಪ್‌ಗಳು ಮುಳುಗುವಾಗಲೇ ತಲೆಕೆಳಗಾದವು. ಮೇಲಿನಿಂದ ಕಾಣುವುದು ಬೆಟ್ಟದಂಥ ಬೆನ್ನು ಮಾತ್ರ. ಅಂಚಿನಿಂದ ಕೆಳಗಿಳಿದು, ಹಡಗಿನ ಮೈಗೂ ಹೂಳಿಗೂ ನಡುವಿನ ಸಂದಿಗೆ ಟಾರ್ಚು ಬಿಟ್ಟಾಗ 30.5 ಸೆಂಟಿಮೀಟರ್ ಬಾಯಿಯ ತೋಪಿನ ಕೊಳವೆ ಕಂಡಿತು. 1916ರ ಮೇ 31ರಂದು ಜಟ್‌ಲ್ಯಾಂಡ್ ಕಾಳಗದಲ್ಲಿ ಬೆಂಕಿ ಉಗುಳಿದ ಹಡಗು ಇದು. ಈಗ ಸಾವಿರಾರು ಟನ್ನಿನ ತನ್ನ ಮೈಯನ್ನೇ ಹೊದ್ದು, ಮುಖ ನೆಲಕ್ಕೆ ಮಾಡಿ ಮಲಗಿದೆ. ಒಳಗೆ ನುಗ್ಗುವುದು ಅವರ ಯೋಜನೆಯಲ್ಲಿರಲಿಲ್ಲ. ಅವಳಿಗೆ ಮನಸ್ಸೂ ಆಗಲಿಲ್ಲ. ತಲೆಯ ಮೇಲಿನ ಉಕ್ಕು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ, ಕುಸಿಯುತ್ತಿದೆ. ಮೇಲೆ ಬರುವ ದಾರಿಯಲ್ಲಿ ಆರು ಮೀಟರಿನಲ್ಲಿ ಹಗ್ಗ ಹಿಡಿದು ನಿಂತು ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗಲು ಕಾಯಬೇಕು. ಬೆರಳುಗಳು ಮರಗಟ್ಟಿದ್ದವು. ಆ ನಿಮಿಷಗಳಲ್ಲಿ ಮಾಡಲು ಬೇರೇನೂ ಇರುವುದಿಲ್ಲ. ಕೆಳಗಿನ ಕಪ್ಪನ್ನು ನೋಡುತ್ತ, ತನ್ನ ಉಸಿರಿನ ಗುಳ್ಳೆಗಳ ಸದ್ದು ಕೇಳುತ್ತ ನಿಂತಳು.

ಎಲ್ಲ ಹಡಗುಗಳೂ ಇಳಿದು ನೋಡುವಂಥವಲ್ಲ. ಕರ್ಕ್‌ವಾಲ್ ಪಟ್ಟಣದಿಂದ ಸ್ವಲ್ಪ ದೂರದ ಸ್ಕಾಪಾ ತೀರದಿಂದ ನೋಡಿದರೆ ನೀರಿನಲ್ಲಿ ಹಸಿರು ಬೋಯಾ ಒಂದು ತೇಲುತ್ತದೆ. ಅದರಡಿಯಲ್ಲಿ ರಾಯಲ್ ಓಕ್. 1939ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ ಜರ್ಮನಿಯ ಯು-47 ಜಲಾಂತರ್ಗಾಮಿ ಒಳಗೆ ನುಸುಳಿ ಟಾರ್ಪೆಡೊ ಹೊಡೆದು ಮುಳುಗಿಸಿದ ಬ್ರಿಟಿಷ್ ಬ್ಯಾಟಲ್‌ಶಿಪ್. 830ಕ್ಕೂ ಹೆಚ್ಚು ಜನ ಅದರೊಂದಿಗೆ ಹೋದರು; ನೂರಕ್ಕೂ ಹೆಚ್ಚು ಮಂದಿ ಇನ್ನೂ ಹದಿನೆಂಟು ತುಂಬದ ಹುಡುಗರು. ಅದು ಸಮಾಧಿ, ಯಾರೂ ಇಳಿಯುವಂತಿಲ್ಲ. ವರ್ಷಕ್ಕೊಮ್ಮೆ ನೌಕಾಪಡೆಯ ಮುಳುಗುಗಾರರು ಹೋಗಿ ಹಿಂತುದಿಯ ಬಾವುಟ ಬದಲಾಯಿಸಿ ಬರುತ್ತಾರೆ. ಕರ್ಕ್‌ವಾಲಿನ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ಲಿನ ಕೆಂಪು ಕಲ್ಲಿನ ಗೋಡೆಯ ಬಳಿ ಆ ಹಡಗಿನ ಗಂಟೆಯಿದೆ. ಅದರ ಹತ್ತಿರ ಸತ್ತವರ ಹೆಸರುಗಳ ಪುಸ್ತಕ. ತೆರೆದಿದ್ದ ಪುಟವನ್ನು ಅವಳು ಮೇಲಿನಿಂದ ಕೆಳಗಿನವರೆಗೆ ಓದಿದಳು. ಗಂಟೆ ಹಿತ್ತಾಳೆಯದೋ ಕಂಚಿನದೋ ಎಂದು ಅವಳ ಒಳಗಿನ ಗುಜರಿ ಮಗಳು ಆವತ್ತು ಕೇಳಲಿಲ್ಲ.

ಆ ದಾಳಿಯ ನಂತರ ಪೂರ್ವದ ಕಾಲುವೆಗಳನ್ನು ಮುಚ್ಚಲು ಕಾಂಕ್ರೀಟ್ ದಿಮ್ಮಿಗಳ ಕಟ್ಟೆ ಕಟ್ಟಿದವರು ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕಿದ ಇಟಲಿಯ ಸೈನಿಕರು. ಬಿಡುವಿನಲ್ಲಿ ಅವರು ಎರಡು ತಗಡಿನ ಶೆಡ್ಡುಗಳನ್ನು ಸೇರಿಸಿ ಒಂದು ಪ್ರಾರ್ಥನಾ ಮಂದಿರ ಮಾಡಿಕೊಂಡರು. ಡೊಮೆನಿಕೊ ಕಿಯೊಕೆಟ್ಟಿ ಎಂಬ ಕೈದಿ ಅದರ ಒಳಗೋಡೆಗೆ ಕಲ್ಲಿನ ಕೆತ್ತನೆಯ ಭ್ರಮೆ ಬರುವ ಹಾಗೆ ಬಣ್ಣ ಬಳಿದ. ಸಿಕ್ಕಿದ ಡಬ್ಬಿ, ತಗಡು, ಕಬ್ಬಿಣದ ಚೂರುಗಳೇ ದೀಪಗಳಾದವು, ತೆರೆಯ ಜಾಲರಿಯಾದವು. ಆ ಜಾಲರಿಯ ಮುಂದೆ ಅವಳಿಗೆ ಅಪ್ಪಯ್ಯನನ್ನು ಕರೆತಂದು ನಿಲ್ಲಿಸಬೇಕು ಎನ್ನಿಸಿತು. ಬೇಡದ ಲೋಹಕ್ಕೆ ಏನೇನಾಗಬಹುದು ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಅರ್ಥವಾದೀತು?

ಊರಿಗೆ ಬಂದಾಗ ಮೀನುಗಾರಿಕೆಯ ರಜೆ. ಜೂನ್, ಜುಲೈ ಎರಡು ತಿಂಗಳು ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ಇನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ ಎನ್ನಿಸಿದ ಹಳೆ ಮರದ ಬೋಟು ಅಪ್ಪಯ್ಯನ ಪಾಲಿಗೆ ಬರುವುದು ಈ ದಿನಗಳಲ್ಲೇ. ಮಳೆ ಬಿಟ್ಟ ಒಂದು ಮಧ್ಯಾಹ್ನ ಅವಳು ಹೊಳೆಬದಿಗೆ ಹೋದಳು. ಇಂಜಿನ್ನು, ಶಾಫ್ಟು, ಪ್ರೊಪೆಲ್ಲರು ಆಗಲೇ ಲಾರಿ ಹತ್ತಿದ್ದವು. ಉಳಿದದ್ದನ್ನು ಇಬ್ಬರು ಹುಡುಗರು ಸಬ್ಬಲಿನಿಂದ ಕೀಳುತ್ತಿದ್ದರು. ಹಲಗೆಗಳ ನಡುವೆ ತುರುಕಿದ ಹತ್ತಿಯ ಎಳೆ ಹೊರಗೆ ಜೋತುಬಿದ್ದಿತ್ತು. ಮೊಳೆಗಳ ತಲೆಗಳು ಸಾಲಾಗಿ, ಸಮ ಅಂತರದಲ್ಲಿ. ಅವಳು ಬಗ್ಗಿ ನೋಡಿದಳು.

ಸೌದೆಯ ರಾಶಿಗೆ ಬಿದ್ದಿದ್ದ ಒಂದು ಹಲಗೆಯಲ್ಲಿ ನೀಲಿ ಬಣ್ಣದ ಮೇಲೆ ಬಿಳಿಯಲ್ಲಿ ಬೋಟಿನ ಹೆಸರಿತ್ತು. ಅರ್ಧ ಅಕ್ಷರ ಸಿಪ್ಪೆ ಎದ್ದಿತ್ತು. ಅವಳು ಅದನ್ನು ಎಳೆದು ಬದಿಗಿಟ್ಟಳು.

"ಅದ್ ಎಂತಕೆ?" ಎಂದರು ಅಪ್ಪಯ್ಯ.

ಅವಳಿಗೆ ತಟ್ಟನೆ ಉತ್ತರ ಬರಲಿಲ್ಲ. ಅವರು ಒಂದು ಕ್ಷಣ ನಿಂತರು. ಆಮೇಲೆ ಬಂದು ಹಲಗೆಯ ಇನ್ನೊಂದು ತುದಿ ಎತ್ತಿದರು. ಇಬ್ಬರೂ ಅದನ್ನು ಮನೆಗೆ ಹೊತ್ತು ತಂದು ಬಚ್ಚಲ ಗೋಡೆಗೆ ಒರಗಿಸಿದರು. ರಾತ್ರಿ ಮಳೆ ಮತ್ತೆ ಹಿಡಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು ಹೋಗಿ, ಒಂದು ಹಳೆ ಟಾರ್ಪಾಲು ತಂದು ಹೊದಿಸಿದರು.